ಪರ್ಸ್ ಸಮ, ಪುರುಸೊತ್ತು ಸಮವಲ್ಲ

ಗೆಳೆಯರ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಹರಾಜು ಇಡಬೇಕು ಅಂತಿದ್ದೀರಾ? ಯಾವ ಆಟಗಾರ ಬೇಕು ಅನ್ನೋದಕ್ಕಿಂತ ಮೊದಲು, ಯಾವ ಥರದ ಹರಾಜು ಬೇಕು ಅಂತ ಕೂತು ಮಾತಾಡಿ. ನಮ್ಮ ಬಗದಲ್ ಗುಂಪಿನ ಲೆಕ್ಕಾಚಾರ ಇಲ್ಲಿದೆ.

ಬೀದರ್ ಕಡೆಯವರಿಗೆ ಇಂಗ್ಲಿಷ್ ಪ್ರೀಮಿಯರ್ ಲೀಗ್ ಯಾಕೆ ಅಂತ ಕೇಳುವ ಕಾಲ ಹೋಯಿತು. ಶನಿವಾರ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಊಟಕ್ಕೆ ಮುಂಚೆ ಮ್ಯಾಚ್ ಶುರು. ಫೋನ್ ಇದ್ದರೆ ಸಾಕು.

ನಮ್ಮ ಗುಂಪಿನಲ್ಲಿ ಎಂಟು ಜನ. ಇಬ್ಬರು ಬಗದಲ್‌ನಲ್ಲೇ ಇದ್ದಾರೆ. ಬೀದರ್ ನಗರ, ಭಾಲ್ಕಿ, ಔರಾದ್‌ನಲ್ಲಿ ಒಬ್ಬೊಬ್ಬರು. ನಾನು ಹೈದರಾಬಾದ್‌ನಲ್ಲಿ, ಇನ್ನಿಬ್ಬರು ಪುಣೆ ಮತ್ತು ಬೆಂಗಳೂರಿನಲ್ಲಿ. ಎಲ್ಲರೂ ಒಂದೇ ಹಾಸ್ಟೆಲ್‌ನಲ್ಲಿ ಬೆಳೆದವರು. ಈಗ ವರ್ಷಕ್ಕೊಮ್ಮೆ ಮದುವೆಯಲ್ಲೋ ಜಾತ್ರೆಯಲ್ಲೋ ಸಿಗುತ್ತೇವೆ. ಉಳಿದ ದಿನ ನಮ್ಮನ್ನು ಒಟ್ಟಿಗೆ ಇಟ್ಟಿರುವುದು ಈ ಲೀಗ್. ಹಾಗಾಗಿ ಅದರ ನಿಯಮ ನಮಗೆ ಸಣ್ಣ ವಿಷಯ ಅಲ್ಲ.

ಎಲ್ಲರ ಹತ್ರ ಒಬ್ಬನೇ ಹಾಲಂಡ್

ಮೊದಲು ಆಡುತ್ತಿದ್ದದ್ದು ಎಲ್ಲರೂ ಆಡುವ ಮಾಮೂಲಿ ಫ್ಯಾಂಟಸಿ ಪ್ರೀಮಿಯರ್ ಲೀಗ್. 100 ಮಿಲಿಯನ್ ಪೌಂಡ್ ಕಾಲ್ಪನಿಕ ಬಜೆಟ್, 15 ಆಟಗಾರರು, ಒಂದು ಕ್ಲಬ್‌ನಿಂದ ಹೆಚ್ಚೆಂದರೆ ಮೂವರು. ಒಳ್ಳೆ ಆಟವೇ. ಆದರೆ ಅದರಲ್ಲಿ ಒಬ್ಬ ಆಟಗಾರನನ್ನು ಎಷ್ಟು ಜನ ಬೇಕಾದರೂ ಇಟ್ಟುಕೊಳ್ಳಬಹುದು. 2022-23ರಲ್ಲಿ ಎರ್ಲಿಂಗ್ ಹಾಲಂಡ್ 36 ಗೋಲು ಹೊಡೆದು ದಾಖಲೆ ಮಾಡಿದ. 2024-25ರಲ್ಲಿ ಮೊಹಮ್ಮದ್ ಸಲಾ 29 ಗೋಲು, 18 ಅಸಿಸ್ಟ್‌ ಜೊತೆ 344 ಫ್ಯಾಂಟಸಿ ಪಾಯಿಂಟ್ ತಂದ. ಇಂಥವರನ್ನು ಯಾರು ಬಿಡ್ತಾರೆ? ಎಂಟೂ ತಂಡದಲ್ಲಿ ಅವರೇ. ಗೋಲು ಬಿದ್ದರೆ ಎಲ್ಲರಿಗೂ ಪಾಯಿಂಟ್, ಹಾಗಾಗಿ ಯಾರಿಗೂ ಲಾಭ ಇಲ್ಲ.

ಇದಕ್ಕೆ ಮದ್ದು ಡ್ರಾಫ್ಟ್. ಅಂದರೆ ಒಬ್ಬ ಆಟಗಾರ, ಒಬ್ಬನೇ ಮಾಲೀಕ. ಹಾಲಂಡ್ ಭಾಲ್ಕಿಗೆ ಹೋದರೆ ಔರಾದ್‌ಗೆ ಇಲ್ಲ. ಆಗ ನೋಡಿ, ಗುಂಪಿನಲ್ಲಿ ಮಾತು ಹೇಗೆ ಹೊತ್ತಿಕೊಳ್ಳುತ್ತೆ ಅಂತ! ಆದರೆ ಆ ಒಬ್ಬ ಮಾಲೀಕ ಯಾರು ಅಂತ ತೀರ್ಮಾನಿಸೋದು ಹೇಗೆ? ಇಲ್ಲೇ ದಾರಿ ಎರಡಾಗುವುದು.

ಹಾವಿನ ಸರದಿ, ಚೀಟಿಯ ಅದೃಷ್ಟ

ಒಂದು ದಾರಿ ಸ್ನೇಕ್ ಡ್ರಾಫ್ಟ್. ಚೀಟಿ ಎತ್ತಿ ಸರದಿ ಮಾಡುತ್ತಾರೆ. ಮೊದಲ ಸುತ್ತಲ್ಲಿ ಒಂದರಿಂದ ಎಂಟು, ಎರಡನೇ ಸುತ್ತಲ್ಲಿ ಎಂಟರಿಂದ ಒಂದು. ಹಾವು ಹರಿದಂತೆ ಹಿಂದೆ ಮುಂದೆ. ಮೊದಲನೆಯವನಿಗೆ 1ನೇ ಮತ್ತು 16ನೇ ಆಯ್ಕೆ, ಕೊನೆಯವನಿಗೆ 8 ಮತ್ತು 9. ಸರಳ, ಬೇಗ ಮುಗಿಯುತ್ತೆ, ಲೆಕ್ಕದ ತಲೆನೋವಿಲ್ಲ. ಪ್ರೀಮಿಯರ್ ಲೀಗಿನ ಅಧಿಕೃತ ಡ್ರಾಫ್ಟ್ ಆಟ ನಡೆಯುವುದೂ ಹೀಗೇ.

ತೊಂದರೆ ಒಂದೇ. ಎಂಟನೇ ಚೀಟಿ ಬಂದವನು ಎಷ್ಟೇ ತಲೆ ಓಡಿಸಿದರೂ ಹಾಲಂಡ್ ಅವನಿಗೆ ಸಿಗೋದಿಲ್ಲ. ಇಡೀ ಸೀಸನ್ನಿನ ದೊಡ್ಡ ಆಯ್ಕೆಯನ್ನು ಒಂದು ಚೀಟಿ ನಿರ್ಧರಿಸಿಬಿಡುತ್ತೆ.

ಹರಾಜಿನ ರುಚಿ

ಇನ್ನೊಂದು ದಾರಿ ಹರಾಜು, ನಮ್ಮ ಕಡೆ ಮಾತಲ್ಲಿ ಸವಾಲು. ಗೆಳೆಯರ ಫ್ಯಾಂಟಸಿ ಲೀಗಿಗೆ ಇದು ಹೊಸದೇನಲ್ಲ. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರು ಮಾಡಿದ 'ರೋಟಿಸರಿ' ಬೇಸ್‌ಬಾಲ್ ಲೀಗಿನಲ್ಲೂ ಆಟಗಾರರನ್ನು ಹರಾಜಿನಲ್ಲೇ ಕೊಳ್ಳುತ್ತಿದ್ದರು. ಅವರು ಸೇರುತ್ತಿದ್ದ ಹೋಟೆಲಿನ ಹೆಸರೇ ಲೀಗಿಗೂ ಬಂತು. ನಮಗೆ ಹರಾಜು ಕಲಿಸಿದ್ದು ಐಪಿಎಲ್. ಈಗ ಹಳ್ಳಿಯ ಟೆನಿಸ್ ಬಾಲ್ ಟೂರ್ನಿಗಳಲ್ಲೂ ಪಾಯಿಂಟ್ ಇಟ್ಟು ಹುಡುಗರನ್ನು ಕೂಗುತ್ತಾರೆ.

ಹರಾಜಿನ ನ್ಯಾಯ ಇರುವುದು ಇಲ್ಲಿ: ಎಲ್ಲರಿಗೂ ಸಮ ಪರ್ಸ್. ನಮ್ಮ ಲೆಕ್ಕದಲ್ಲಿ ತಲಾ 200 ಪಾಯಿಂಟ್. ಯಾವ ಆಟಗಾರನೂ ಯಾರ ಕೈಗೂ ಮೀರಿದವನಲ್ಲ. ಹಾಲಂಡ್‌ಗೆ 80 ಕೊಡ್ತೀಯಾ? ಕೊಡು. ಉಳಿದ 120ರಲ್ಲಿ ಇನ್ನೂ 14 ಜನರನ್ನು ತರಬೇಕು, ಅಷ್ಟೇ.

ಇಲ್ಲಿ ತಾಳ್ಮೆಗೆ ಬೆಲೆ ಇದೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಮೆಗಾ ಹರಾಜು ನೆನಪಿಸಿಕೊಳ್ಳಿ. ಒಟ್ಟು 120 ಕೋಟಿ ಪರ್ಸ್‌ನಲ್ಲಿ ಲಖನೌ 27 ಕೋಟಿಯನ್ನು ರಿಷಭ್ ಪಂತ್ ಒಬ್ಬರಿಗೇ ಕೊಟ್ಟಿತು. ಆ ಸೀಸನ್‌ನಲ್ಲಿ ಲಖನೌ ಮುಗಿಸಿದ್ದು 7ನೇ ಸ್ಥಾನದಲ್ಲಿ. ನಮ್ಮ ಆರ್‌ಸಿಬಿ? ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದಾಗ ಕನ್ನಡಿಗರು ಫೋನಲ್ಲೇ ಬೈದರು. ಆರ್‌ಸಿಬಿ ಹೇಜಲ್‌ವುಡ್‌ಗೆ 12.50, ಸಾಲ್ಟ್‌ಗೆ 11.50, ಜಿತೇಶ್‌ಗೆ 11, ಭುವನೇಶ್ವರ್‌ಗೆ 10.75 ಕೋಟಿ ಅಂತ ದುಡ್ಡನ್ನು ಹರಡಿತು. 5.75 ಕೋಟಿಗೆ ತಂದ ಕೃಣಾಲ್ ಪಾಂಡ್ಯ 2025ರ ಜೂನ್ 3ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ. 18ನೇ ಸೀಸನ್ನಿಗೆ ಕಪ್ ನಮ್ದಾಯಿತು.

ಇದರ ಹಿಂದೆ ಒಂದು ಹಳೆ ಪಾಠ ಇದೆ. ಸಮುದ್ರದಲ್ಲಿ ತೈಲ ಬಾವಿಗಳ ಹರಾಜು ನೋಡಿದ ಅಮೆರಿಕದ ಮೂವರು ಎಂಜಿನಿಯರ್‌ಗಳು 1971ರಲ್ಲಿ ಬರೆದಿದ್ದರು: ಗೆದ್ದವನು ಹೆಚ್ಚಾಗಿ ಜಾಸ್ತಿ ಕೊಟ್ಟವನೇ ಆಗಿರುತ್ತಾನೆ. ಇದಕ್ಕೆ 'ಗೆದ್ದವನ ಶಾಪ' ಅನ್ನುತ್ತಾರೆ. ಎಂಟು ಜನ ಎಂಟು ಬೆಲೆ ಅಂದಾಜು ಮಾಡಿದರೆ, ಆಟಗಾರ ಹೋಗುವುದು ಅತಿ ಹೆಚ್ಚು ಅಂದಾಜು ಮಾಡಿದವನ ಮನೆಗೆ. ಆ ಅಂದಾಜು ಸರಿ ಇರೋ ಸಾಧ್ಯತೆ ಕಡಿಮೆ.

ಮೂರು ತಾಸು ಯಾರ ಹತ್ರ ಇದೆ?

ಇಷ್ಟೆಲ್ಲ ಕೇಳಿ ನಮ್ಮಲ್ಲಿ ಆರು ಜನ ಹರಾಜಿಗೇ ಕೈ ಎತ್ತಿದರು. ಆಮೇಲೆ ಲೆಕ್ಕ ಹಾಕಿದೆವು. ಎಂಟು ತಂಡ, ತಲಾ 15, ಒಟ್ಟು 120 ಆಟಗಾರರು. ಒಬ್ಬೊಬ್ಬನಿಗೆ ಒಂದೂವರೆ ನಿಮಿಷ ಅಂದರೂ 180 ನಿಮಿಷ. ಬರೋಬ್ಬರಿ ಮೂರು ತಾಸು, ಎಲ್ಲರೂ ವಿಡಿಯೋ ಕಾಲ್‌ನಲ್ಲಿ.

ಭಾಲ್ಕಿಯ ಗೆಳೆಯ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾನೆ. "ನಂದು ಅಂಗಡಿ ಮುಚ್ಚೋದೇ ಹತ್ತಕ್ಕ. ಮೂರು ತಾಸು ಯಾವಾಗ ಕೂಡ್ಲಿ?" ಅಂದ. ಔರಾದ್‌ನವನದು ಇನ್ನೊಂದು ಕಥೆ. ಅವನ ಮನೆಯಲ್ಲಿ ವಿಡಿಯೋ ಕಾಲ್ ನಿಲ್ಲೋದಿಲ್ಲ. ಕೂಗುವ ಹರಾಜಿನಲ್ಲಿ ಹತ್ತು ಸೆಕೆಂಡ್ ನೆಟ್‌ವರ್ಕ್ ಹೋದರೆ ಆಟಗಾರ ಹೋದ ಅಂತಲೇ ಅರ್ಥ. ಅವನು ಸಿಟ್ಟು ಮಾಡಲಿಲ್ಲ, ತಣ್ಣಗೆ ಹೇಳಿದ: "ನನ್ನ ಬಿಟ್ಟು ಏಳು ಜನ ಆಡ್ರಲೇ."

ಆ ಮೆಸೇಜ್ ನೋಡಿ ಗುಂಪು ಸುಮ್ಮನಾಯಿತು. ಸಮ ಪರ್ಸ್ ಅಂತ ನಾವು ಹೆಮ್ಮೆಪಡುತ್ತಿದ್ದ ಹರಾಜು, ಆಫೀಸಲ್ಲಿ ಎಸಿ ಕೆಳಗೆ ಕೂತು ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕುವವರಿಗೆ ಮಾತ್ರ ಸಮ. ಪರ್ಸ್ ಎಲ್ಲರದ್ದೂ ಒಂದೇ, ಪುರುಸೊತ್ತು ಒಂದೇ ಅಲ್ಲ. ಹಾಗಂತ ಮತ್ತೆ ಚೀಟಿಗೆ ಹೋಗೋದಾ?

ಮಾರ್ಕೆಟ್ ಯಾರ್ಡಿನಿಂದ ಬಂದ ಉತ್ತರ

ಉತ್ತರ ಕೊಟ್ಟಿದ್ದು ಬಗದಲ್‌ನಲ್ಲಿ ಒಕ್ಕಲುತನ ಮಾಡುವ ಗೆಳೆಯ. "ಎಪಿಎಂಸಿಯೊಳಗ ನಾವು ತೊಗರಿ ಹೆಂಗ ಮಾರ್ತೀವಿ? ಹಂಗ ಮಾಡ್ರಿ" ಅಂದ.

ಕೃಷಿ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಮೊದಲು ದಲಾಲಿ ಅಂಗಡಿ ಮುಂದೆ ಕೂಗಿ ಹರಾಜು. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಇ-ಟೆಂಡರ್. ರೈತನ ಮಾಲಿಗೆ ಒಂದು ಲಾಟ್ ನಂಬರ್. ಖರೀದಿದಾರರು ಮಾಲು ನೋಡಿ, ಗೊತ್ತುಮಾಡಿದ ಹೊತ್ತಿನೊಳಗೆ ತಮ್ಮ ರೇಟು ಹಾಕುತ್ತಾರೆ. ಒಬ್ಬನ ರೇಟು ಇನ್ನೊಬ್ಬನಿಗೆ ಕಾಣೋದಿಲ್ಲ. ಹೊತ್ತು ಮುಗಿದ ಮೇಲೆ ಟೆಂಡರ್ ತೆರೆದರೆ ಹೆಚ್ಚು ರೇಟು ಹಾಕಿದವನಿಗೆ ಮಾಲು. ಎಲ್ಲರೂ ಒಂದೇ ಕ್ಷಣಕ್ಕೆ ಒಂದೇ ಜಾಗದಲ್ಲಿ ನಿಂತು ಕೂಗಬೇಕಿಲ್ಲ.

ಫ್ಯಾಂಟಸಿ ಲೀಗಿಗೂ ಇದು ಸರಿಹೊಂದುತ್ತೆ. ಬೆಳಿಗ್ಗೆ ಪಟ್ಟಿ ಹಾಕಿ, ರಾತ್ರಿ ತನಕ ಟೈಮ್ ಕೊಡಿ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಐದು ನಿಮಿಷದಲ್ಲೂ ರೇಟು ಬರೆಯಬಹುದು. ನೆಟ್‌ವರ್ಕ್ ಹೋದರೆ ಬರುವ ತನಕ ಕಾಯಬಹುದು.

ಇದರಲ್ಲೂ ಎರಡು ಬಗೆ ಇದೆ. ಒಂದರಲ್ಲಿ ಗೆದ್ದವನು ತಾನು ಬರೆದ ರೇಟೇ ಕೊಡಬೇಕು. ಇನ್ನೊಂದರಲ್ಲಿ ಎರಡನೇ ಅತಿ ಹೆಚ್ಚು ರೇಟನ್ನಷ್ಟೇ ಕೊಟ್ಟರೆ ಸಾಕು. ನೀವು 30 ಬರೆದು, ನಿಮ್ಮ ನಂತರದವನು 22 ಬರೆದಿದ್ದರೆ, ಆಟಗಾರ ನಿಮಗೆ, ಬೆಲೆ 22. ಈ ಎರಡನೇ ಬಗೆಯ ಬಗ್ಗೆ ವಿಲಿಯಂ ವಿಕ್ರಿ 1961ರಲ್ಲಿ ಬರೆದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇದರ ಚಂದ ಏನು ಗೊತ್ತಾ? ಉಳಿದ ಏಳು ಜನ ಎಷ್ಟು ಬರೆದಾರು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಆಟಗಾರ ನಿಮಗೆ ಎಷ್ಟಕ್ಕೆ ಸರಿ ಅನಿಸುತ್ತಾನೋ ಅಷ್ಟು ಬರೆದರೆ ಆಯ್ತು. ಪರ್ಸ್‌ಗೆ ಮಿತಿ ಇರುವುದರಿಂದ ಸ್ವಲ್ಪ ಲೆಕ್ಕ ಉಳಿದೇ ಉಳಿಯುತ್ತೆ. ಆದರೂ ಪುರುಸೊತ್ತಿಲ್ಲದವನಿಗೆ ಇದೇ ಹಗುರ.

ಹಾಗಾದರೆ ಕೂಗುವ ಮಜಾ? ಅದನ್ನು ಪೂರ್ತಿ ಬಿಡಲು ನಮಗೂ ಮನಸ್ಸಿರಲಿಲ್ಲ. ಹರಾಜು ಅಂದರೆ ಗದ್ದಲ, ಚೇಷ್ಟೆ, "ಇನ್ನೊಂದು ಹಾಕಲೇ" ಅನ್ನೋ ಕಿಚಾಯಿಸುವಿಕೆ. ಅದಿಲ್ಲದೆ ಸ್ಪ್ರೆಡ್‌ಶೀಟ್ ಮಾತ್ರ ಉಳಿದರೆ ಲೀಗ್ ಯಾಕೆ ಬೇಕು? ಅದಕ್ಕೇ ಎರಡನ್ನೂ ಸೇರಿಸಿದೆವು.

ನಮ್ಮ ಲೀಗಿನ ನಿಯಮ

• ಕಳೆದ ಸೀಸನ್ನಿನ ಪಾಯಿಂಟ್ ನೋಡಿ ಮೊದಲ 24 ಆಟಗಾರರು ಮಾತ್ರ ಕೂಗುವ ಹರಾಜಿಗೆ. ತಲಾ ಎರಡು ನಿಮಿಷ ಅಂದರೂ 48 ನಿಮಿಷ. ಭಾನುವಾರ ರಾತ್ರಿ ಹತ್ತೂವರೆಗೆ, ಅಂಗಡಿ ಮುಚ್ಚಿದ ಮೇಲೆ. ಆ ಒಂದು ತಾಸು ಔರಾದ್‌ನವನು ಬೀದರ್ ಗೆಳೆಯನ ಮನೆಗೆ ಬರುತ್ತಾನೆ.

• ಉಳಿದವರು ಟೆಂಡರ್‌ಗೆ. ನಾಲ್ಕು ದಿನ, ದಿನಕ್ಕೆ 24 ಹೆಸರು. ಬೆಳಿಗ್ಗೆ ಪಟ್ಟಿ, ರಾತ್ರಿ 11ಕ್ಕೆ ಬಂದ್. ಹೊಸದಾಗಿ ಬಂದ ಆಟಗಾರರು, ಮೇಲಿನ ದರ್ಜೆಗೆ ಏರಿ ಬಂದ ಮೂರು ಕ್ಲಬ್‌ಗಳವರು ಹಳೆ ಪಾಯಿಂಟ್ ಪಟ್ಟಿಯಲ್ಲಿ ಇರೋದಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಎರಡೆರಡು ಹೆಸರು ಸೇರಿಸಬಹುದು.

• ಟೆಂಡರ್ ತೆರೆಯುವವರು ಲೀಗಿನಲ್ಲಿ ಇರಬಾರದು. ನಮ್ಮಲ್ಲಿ ಒಬ್ಬನ ತಂಗಿ ಒಪ್ಪಿದ್ದಾಳೆ. ರೇಟೆಲ್ಲ ಅವಳ ವಾಟ್ಸ್ಆ್ಯಪ್‌ಗೆ ಹೋಗುತ್ತೆ. ಪಟ್ಟಿಯ ಕ್ರಮದಲ್ಲೇ ತೆರೆಯುತ್ತಾಳೆ. ಬೆಲೆ ಎರಡನೇ ರೇಟಿಗೆ. ಒಬ್ಬನೇ ಬರೆದಿದ್ದರೆ 1 ಪಾಯಿಂಟ್.

• ಕೊಡಬಹುದಾದ ಗರಿಷ್ಠ: ಕೈಯಲ್ಲಿರುವ ಪಾಯಿಂಟ್‌ನಿಂದ, ಖಾಲಿ ಜಾಗಕ್ಕಿಂತ ಒಂದು ಕಡಿಮೆ ಸಂಖ್ಯೆ ಕಳೆಯಿರಿ. 60 ಪಾಯಿಂಟ್, 6 ಜಾಗ ಖಾಲಿ ಇದ್ದರೆ 60ರಲ್ಲಿ 5 ಕಳೆದು 55. ಹೀಗಾದರೆ ಕೊನೆಗೆ ಯಾರ ತಂಡವೂ ಅರ್ಧಕ್ಕೆ ನಿಲ್ಲೋದಿಲ್ಲ. ಒಂದು ರಾತ್ರಿ ಬರೆಯುವ ಎಲ್ಲ ರೇಟು ಸೇರಿಯೂ ಈ ಮಿತಿ ದಾಟಬಾರದು.

• ಇಬ್ಬರ ರೇಟು ಸಮ ಬಂದರೆ ಮೊದಲು ಕಳಿಸಿದವನಿಗೆ ಕೊಡಬಾರದು. ಹಾಗೆ ಮಾಡಿದರೆ ಮತ್ತೆ ಪುರುಸೊತ್ತಿದ್ದವನೇ ಗೆದ್ದ. ತಂಡದಲ್ಲಿ ಕಡಿಮೆ ಆಟಗಾರರು ಇರುವವನಿಗೆ ಕೊಡಿ. ಅದೂ ಸಮ ಇದ್ದರೆ ಚೀಟಿ.

• ಗೋಲ್‌ಕೀಪರ್ 2, ಡಿಫೆಂಡರ್ 5, ಮಿಡ್‌ಫೀಲ್ಡರ್ 5, ಫಾರ್ವರ್ಡ್ 3. ಜಾಗ ತುಂಬಿದ ಮೇಲೆ ಆ ವಿಭಾಗದ ಟೆಂಡರ್ ಲೆಕ್ಕಕ್ಕಿಲ್ಲ. ನಾಲ್ಕನೇ ರಾತ್ರಿಯ ನಂತರವೂ ಖಾಲಿ ಉಳಿದರೆ ಸರದಿಯಲ್ಲಿ 1 ಪಾಯಿಂಟ್‌ಗೆ ಆರಿಸಿಕೊಳ್ಳಿ.

ಪಾಯಿಂಟ್ ಇರಲಿ, ರೂಪಾಯಿ ಬೇಡ

ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ತಲಾ ಸಾವಿರ ಹಾಕೋಣ, ಗೆದ್ದವನಿಗೆ ಎಂಟು ಸಾವಿರ" ಅನ್ನೋ ಪ್ರಸ್ತಾಪ ಪ್ರತಿ ಗುಂಪಿನಲ್ಲೂ ಬರುತ್ತೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ಅದು ನಿಷೇಧಿಸುತ್ತೆ. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನೋ ಭೇದ ಅದರಲ್ಲಿಲ್ಲ. ಡ್ರೀಮ್11 ಕೂಡ ಆಗಲೇ ದುಡ್ಡಿನ ಸ್ಪರ್ಧೆ ನಿಲ್ಲಿಸಿತು.

ಕಾಯ್ದೆ ಪಕ್ಕಕ್ಕಿಟ್ಟರೂ ಮಾತು ಅದೇ. ಐಟಿ ಸಂಬಳದವನಿಗೆ ಸಾವಿರ ಅಂದರೆ ಒಂದು ರಾತ್ರಿಯ ಊಟ. ಹೊಲ ಮಾಡುವವನಿಗೆ ಅದು ಬೇರೆ ಲೆಕ್ಕ. ರೂಪಾಯಿ ಬಂದ ತಕ್ಷಣ ಪರ್ಸ್ ಕೂಡ ಸಮ ಉಳಿಯೋದಿಲ್ಲ. ನಮ್ಮಲ್ಲಿ ಗೆದ್ದವನಿಗೆ ಬಹುಮಾನ ಇಲ್ಲ. ಕೊನೆಯ ಸ್ಥಾನದವನು ಮುಂದಿನ ವರ್ಷ ಎಲ್ಲರೂ ಊರಲ್ಲಿ ಸೇರಿದಾಗ ಚಹಾ ಮಾಡಿ ಕೊಡಬೇಕು. ಮಾಡಿಯೇ ಕೊಡಬೇಕು, ಹೋಟೆಲಿಂದ ತರೋ ಹಾಗಿಲ್ಲ.

ನಿಮ್ಮ ಗುಂಪಿಗೆ ಇದೇ ಸರಿ ಅಂತ ನಾನು ಹೇಳುವುದಿಲ್ಲ. ಎಲ್ಲರೂ ಒಂದೇ ಪಿ.ಜಿ.ಯಲ್ಲಿದ್ದರೆ ಮೂರು ತಾಸು ಕೂಗಿ ಮುಗಿಸಿ, ಅದರ ಮಜಾ ಬೇರೆ. ಹೊಸಬರೇ ಜಾಸ್ತಿ ಇದ್ದರೆ ಮೊದಲ ವರ್ಷ ಸ್ನೇಕ್ ಸಾಕು. ಆದರೆ ವೋಟ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಅತಿ ಕಡಿಮೆ ಪುರುಸೊತ್ತು ಯಾರಿಗಿದೆ? ಅವನು ಪೂರ್ತಿ ಆಡೋದಕ್ಕೆ ಆಗುವ ನಿಯಮ ಯಾವುದೋ ಅದನ್ನೇ ಆರಿಸಿ. ಉಳಿದವರು ಹೇಗೂ ಹೊಂದಿಕೊಳ್ತಾರೆ.

ಔರಾದ್‌ನವನು ಈಗ ದಿನಕ್ಕೆ ಮೂರು ಸಲ ಕೇಳುತ್ತಿದ್ದಾನೆ, "ಪಟ್ಟಿ ಯಾವಾಗ ಹಾಕ್ತೀರಿ?"