ಬೋರ್ಡೋ ದ್ರಾವಣ: ಸುಣ್ಣದ ತೂಕ, ಸುಣ್ಣದ ಬಿಸಿ

ಅಡಿಕೆಯ ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಮುನ್ನ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಸುಣ್ಣ ಹಳತಾಗಿದ್ದರೆ ಈ ತೂಕವೂ ಸಾಲದು. ಆಗ ಉಳಿದ ತಾಮ್ರ ಎಳೆಗಾಯಿಗಳನ್ನು ಸುಡುತ್ತದೆ.

ವಸ್ತುಗಳು ಒಂದರೊಡನೊಂದು ಕೂಡುವುದು ಕಿಲೋ ಲೆಕ್ಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ. ಆ ಎಣಿಕೆಯ ಅಳತೆಯೇ ಮೋಲ್. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ, ಸುಟ್ಟ ಸುಣ್ಣದ್ದು 56 ಗ್ರಾಂ. ಹೀಗಾಗಿ 1 ಕಿಲೋ ಮೈಲುತುತ್ತಕ್ಕೆ ಅಪ್ಪಟ ಸುಟ್ಟ ಸುಣ್ಣ 224 ಗ್ರಾಂ ಸಾಕು. ಆದರೆ ಪೇಟೆಯ ಸುಣ್ಣದಲ್ಲಿ ಕಲ್ಲೂ ಇರುತ್ತದೆ, ಗಾಳಿಗೆ ಕೆಟ್ಟ ಭಾಗವೂ ಇರುತ್ತದೆ. ಆದ್ದರಿಂದಲೇ ಹೆಚ್ಚು ಹಾಕುವುದು.

ಸುಣ್ಣದ ಗುಣವನ್ನು ಅದರ ಬಿಸಿಯೇ ಹೇಳುತ್ತದೆ. ಒಳ್ಳೆಯ ಸುಟ್ಟ ಸುಣ್ಣ 1 ಕಿಲೋ ಅರಳುವಾಗ ಬರುವ ಶಾಖ ಸುಮಾರು ಮೂರೂವರೆ ಲೀಟರ್ ತಣ್ಣೀರನ್ನು ಕುದಿಯಲು ತರುವಷ್ಟು. ಬಿಸಿಯೇರದಿದ್ದರೆ ಅದು ಹಳೆಯ ಸುಣ್ಣ. ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಕಣ್ಣು ಜೋಪಾನ. ಪೂರ್ತಿ ತಣಿದ ಮೇಲೆ ಸೋಸಿ, 50 ಲೀಟರ್ ಸುಣ್ಣದ ನೀರಿಗೆ 50 ಲೀಟರ್ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಿರಿ. ಕಬ್ಬಿಣದ ಪಾತ್ರೆ ಬೇಡ.

ಕೊನೆಗೆ ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಬೆರೆಸಿ. ಕಾಣದಿದ್ದರೆ ಅಂದೇ ಸಿಂಪಡಿಸಿ ಮುಗಿಸಿ.