ಮಳೆಗಾಲದ ಫ್ಲೂ ಜ್ವರ ಮತ್ತು ನಮ್ಮ ಕಷಾಯ



ಆಟಿಯ ಮಳೆ ಹಿಡಿಯಿತೆಂದರೆ ಮಂಗಳೂರಿನ ಮನೆಮನೆಯಲ್ಲೂ ಶೀತ, ಕೆಮ್ಮು, ಜ್ವರ ಕಾಣಿಸಿಕೊಳ್ಳುತ್ತವೆ. ಒಲೆಯ ಮೇಲೆ ಕಿರಾತಕಡ್ಡಿ, ಅಮೃತಬಳ್ಳಿ, ಆಡುಸೋಗೆ, ಶುಂಠಿ, ಕಾಳುಮೆಣಸುಗಳ ಕಷಾಯ ಕುದಿಯುತ್ತದೆ. "ಡಾಕ್ಟ್ರೇ, ಇದರಿಂದ ವೈರಸ್ ಸಾಯುತ್ತದಲ್ಲವೇ?" ಎಂದು ಚಿಕಿತ್ಸಾಲಯಕ್ಕೆ ಬಂದವರು ನಮ್ಮನ್ನು ಕೇಳುತ್ತಾರೆ. ಈ ಪ್ರಶ್ನೆಗೆ ಅವಸರದಲ್ಲಿ ಹೌದೆಂದರೆ ಏನಾಗಬಹುದೆಂಬುದನ್ನು ನಾವು ಸ್ವತಃ ಕಂಡಿದ್ದೇವೆ.

2009ರಲ್ಲಿ ಎಚ್1ಎನ್1 ಜ್ವರ ಹರಡಿದ್ದ ಸಮಯ. ಮಧುಮೇಹವಿದ್ದ ಹಿರಿಯರೊಬ್ಬರಿಗೆ ಜ್ವರ ಬಂದಿದೆಯೆಂದು ಅವರ ಮಗ ದೂರವಾಣಿ ಮಾಡಿದರು. "ಕಷಾಯ ಮುಂದುವರಿಸಿ, ಎರಡು ದಿನ ನೋಡೋಣ" ಎಂದೆವು. ಐದನೆಯ ದಿನ ಉಸಿರಾಟ ಕಷ್ಟವಾಗಿ ಅವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ದೈವಕೃಪೆಯಿಂದ ಬದುಕಿ ಬಂದರು. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ ನೀಡುತ್ತದೆ. ಆ ಅಮೂಲ್ಯ ಗಂಟೆಗಳು ನಮ್ಮ ಮಾತಿನಿಂದಲೇ ವ್ಯರ್ಥವಾದವು. ಅಂದಿನಿಂದ, ಒಂದು ಗಿಡಮೂಲಿಕೆ ವೈರಾಣುವನ್ನು ತಡೆಯುತ್ತದೆಯೆಂದು ಹೇಗೆ ಪರೀಕ್ಷಿಸುತ್ತಾರೆಂಬುದನ್ನು ಶ್ರದ್ಧೆಯಿಂದ ಓದತೊಡಗಿದೆವು.

ವೈರಾಣು ಜೀವಕೋಶದ ಒಳಗೆ ಮಾತ್ರ ವೃದ್ಧಿಯಾಗುತ್ತದೆ. ಆದುದರಿಂದ ಪ್ರಯೋಗಾಲಯದಲ್ಲಿ ಇನ್‌ಫ್ಲುಯೆಂಜಾ ವೈರಾಣುವನ್ನು ನಾಯಿಯ ಮೂತ್ರಪಿಂಡದಿಂದ ಪಡೆದ ಜೀವಕೋಶಗಳಲ್ಲಿ ಇಲ್ಲವೇ ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಮೂಲಿಕೆಯ ಸಾರವನ್ನು ಮೊದಲು ವೈರಾಣುವಿಲ್ಲದ ಜೀವಕೋಶಗಳ ಮೇಲೆ ಹಾಕಿ ನೋಡುವರು. ಸಾರದಿಂದ ಜೀವಕೋಶಗಳೇ ಸತ್ತರೆ ವೈರಾಣುವಿನ ವೃದ್ಧಿಯೂ ನಿಲ್ಲುತ್ತದೆ. ಅದು ವಿಷದ ಗುಣವೇ ಹೊರತು ಔಷಧದ ಗುಣವಲ್ಲ. ಜೀವಕೋಶಗಳಿಗೆ ಹಾನಿಯಾಗದ ಪ್ರಮಾಣವನ್ನು ಗೊತ್ತುಮಾಡಿದ ಬಳಿಕವೇ ವೈರಾಣು ಎಷ್ಟು ತಗ್ಗಿತೆಂದು ಅಳೆಯುವರು. ಇನ್ನೊಂದು ಪರೀಕ್ಷೆಯೂ ಉಂಟು. ಈ ವೈರಾಣು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸಾರವು ಆ ಅಂಟುವಿಕೆಯನ್ನು ತಡೆಯುವುದೇ ಎಂದು ನೋಡುವರು.

ನಮ್ಮ ಹಿತ್ತಲಿನ ಆಡುಸೋಗೆಯನ್ನು ಮುಂಬಯಿಯ ಇಬ್ಬರು ಸಂಶೋಧಕರು ಹೀಗೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಮೆಥನಾಲ್‌ನಲ್ಲಿ ತೆಗೆದ ಸಾರವು ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಪ್ರಮಾಣದಲ್ಲಿ ರಕ್ತಕಣಗಳ ಅಂಟುವಿಕೆಯನ್ನು ಪೂರ್ಣವಾಗಿ ತಡೆಯಿತು. ಇದು ಸಂತೋಷದ ಸಂಗತಿ. ಆದರೆ ಒಂದು ಸಣ್ಣ ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ರಕ್ತದಲ್ಲಿ ಅದೇ ಸಾಂದ್ರತೆ ಬರಬೇಕಾದರೆ 50 ಗ್ರಾಂ ಸಾರವು ಅದರಲ್ಲಿ ಬೆರೆತಿರಬೇಕು. ನೀರಿನಲ್ಲಿ ಕುದಿಸಿದ ಒಂದು ಲೋಟ ಕಷಾಯದಿಂದ ಅದು ಸಾಧ್ಯವಿಲ್ಲ. ಗಾಜಿನ ತಟ್ಟೆಯಲ್ಲಿ ಕಂಡ ಗುಣವನ್ನು ರೋಗಿಯಲ್ಲಿಯೂ ಪರೀಕ್ಷಿಸಿಯೇ ನಂಬಬೇಕು.

ಅಂತಹ ಪರೀಕ್ಷೆಯನ್ನು ಚೀನಾದ ವೈದ್ಯರು 2009ರ ಅದೇ ಜ್ವರದಲ್ಲಿ ಮಾಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತೊಡಕುಗಳಿಲ್ಲದ 410 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಒಸೆಲ್ಟಾಮಿವಿರ್, ಒಂದಕ್ಕೆ ಅವರ ಪಾರಂಪರಿಕ ಕಷಾಯ, ಒಂದಕ್ಕೆ ಎರಡನ್ನೂ ಕೊಟ್ಟರು; ನಾಲ್ಕನೆಯದಕ್ಕೆ ಇವೆರಡನ್ನೂ ಕೊಡಲಿಲ್ಲ. ಜ್ವರ ಇಳಿಯಲು ಔಷಧವಿಲ್ಲದವರಿಗೆ ಸುಮಾರು 26 ಗಂಟೆ, ಒಸೆಲ್ಟಾಮಿವಿರ್ ಪಡೆದವರಿಗೆ 20, ಕಷಾಯ ಕುಡಿದವರಿಗೆ 16, ಎರಡನ್ನೂ ಪಡೆದವರಿಗೆ 15 ಗಂಟೆ ಬೇಕಾಯಿತು. ಆದರೆ ದೇಹದಿಂದ ವೈರಾಣು ಹೊರಬೀಳುವ ಅವಧಿಯಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಾವು ಪಡೆಯುತ್ತಿರುವುದು ಏನೆಂದು ರೋಗಿಗಳಿಗೆ ತಿಳಿದಿದ್ದುದೂ ಈ ಪರೀಕ್ಷೆಯ ಒಂದು ಕೊರತೆ. ಕಷಾಯ ಜ್ವರವನ್ನು ಬೇಗ ಇಳಿಸಬಹುದು. ಅಷ್ಟರಿಂದಲೇ ವೈರಾಣು ಸತ್ತಿತೆಂದು ಹೇಳಲಾಗದು.

ಇದರಿಂದ ಆಯುರ್ವೇದಕ್ಕೆ ಕುಂದಿಲ್ಲ. ಗಂಟಲಿಗೆ ಹಿತ, ಕಫಕ್ಕೆ ಸಡಿಲಿಕೆ, ಲಘು ಆಹಾರ, ಬಿಸಿನೀರು, ವಿಶ್ರಾಂತಿ, ಇವು ರೋಗಿಗೆ ನಿಜವಾದ ಉಪಚಾರಗಳೇ. ಆದರೆ ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಮಧುಮೇಹ, ಉಬ್ಬಸ, ಹೃದ್ರೋಗವಿರುವವರು ಜ್ವರ ಬಂದ ಮೊದಲ ದಿನವೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಕಿರಾತಕಡ್ಡಿಯ ಕಷಾಯ ಕುಡಿಯಲೇಬಾರದು. ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಂಕು, ಇಳಿದ ಜ್ವರ ಮತ್ತೆ ಏರುವುದು, ಇವುಗಳಲ್ಲಿ ಒಂದು ಕಂಡರೂ ಯಾರೇ ಆಗಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮೂರಿನ ಮಳೆಗಾಲದ ಜ್ವರ ಮಲೇರಿಯಾ, ಡೆಂಗಿ, ಇಲಿಜ್ವರವೂ ಆಗಿರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸದೆ ಕಷಾಯವೊಂದನ್ನೇ ನೆಚ್ಚಿ ಕೂರುವುದು ತರವಲ್ಲ.

ಆ ಹಿರಿಯರು ಇಂದಿಗೂ ಮಳೆಗಾಲದಲ್ಲಿ ಕಷಾಯದ ಪುಡಿಗೆಂದು ನಮ್ಮಲ್ಲಿಗೆ ಬರುತ್ತಾರೆ. ನಾವು ಕೊಡುತ್ತೇವೆ. ಜ್ವರವಿದೆಯೆಂದರೆ ಮಾತ್ರ ಮೊದಲು ಅವರ ಉಸಿರಾಟವನ್ನು ಪರೀಕ್ಷಿಸಿ, ಅದೇ ದಿನ ಆಸ್ಪತ್ರೆಗೂ ಕಳುಹಿಸುತ್ತೇವೆ.