ಲೆಕ್ಕ ಒಪ್ಪಿಸುವ ಹುಡುಗರು

ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಯುವಕ ಮಂಡಲದ ಮಹಾಸಭೆ ನೋಡಿ ಬಂದ ಖುಷಿ ಇನ್ನೂ ಇಳಿದಿಲ್ಲ. ಐಟಿಐ ಓದುವ ಹುಡುಗನೊಬ್ಬ ಅಲ್ಲಿ ಕೋಶಾಧಿಕಾರಿ. ಜಮಾ-ಖರ್ಚು ಓದಲು ನಿಂತಾಗ ದನಿ ನಡುಗುತ್ತಿತ್ತು. ಕಬಡ್ಡಿ ಪಂದ್ಯಾಟದ ಖರ್ಚಿಗೆ ಬಂದದ್ದೇ ತಡ, ಹಿಂದೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: “ಶಾಮಿಯಾನಕ್ಕೆ ಇಷ್ಟಾ? ಬಿಲ್ಲು ಉಂಟಾ?” ಹುಡುಗ ಫೈಲು ಬಿಡಿಸಿ ವೋಚರ್ ತೆಗೆದ. “ಉಂಟು ಮಾಷ್ಟ್ರೇ. ಇದ್ರಲ್ಲಿ ಕುರ್ಚಿಯದ್ದೂ ಸೇರಿದೆ, ಮೈಕಿನದ್ದು ಬೇರೆ.” ಆಮೇಲೆ ಓದಿದ್ದೆಲ್ಲ ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಕೇಳಿ ಪಡೆದು ಓದುತ್ತ ಕೂತೆ. ವರ್ಷಕ್ಕೊಮ್ಮೆ ಕಾರ್ಯದರ್ಶಿ ಬದಲಾಗುವುದರಿಂದ ಅಕ್ಷರವೂ ಬದಲಾಗುತ್ತದೆ. ಹೊಸಬರ ಮೊದಲ ಸಭೆಯ ವರದಿ ಪುಟಗಟ್ಟಲೆ: ಯಾರು ಬಂದರು, ಯಾರು ತಡವಾಗಿ ಬಂದರು, ಚಹಾ ಯಾರ ಮನೆಯದ್ದು, ಎಲ್ಲವೂ ಇದೆ; ತೀರ್ಮಾನವೇನೆಂಬುದು ಮಾತ್ರ ಸಿಗುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಕೈ ಅರ್ಧ ಪುಟಕ್ಕೆ ಇಳಿದಿದೆ. ಕೆಲಸ ಏನು, ಹೊಣೆ ಯಾರದ್ದು, ಹಣ ಎಲ್ಲಿಂದ. ಒಂದು ಕಡೆಯಂತೂ ವಾಲಿಬಾಲ್ ಪ್ರವೇಶ ಶುಲ್ಕ ಏರಿಸುವುದನ್ನು ವಿರೋಧಿಸಿದವರ ಮಾತನ್ನೂ ಒಂದಿಷ್ಟೂ ತಿರುಚದೆ ಬರೆದಿದ್ದಾರೆ. ಬರೆದವನು ಏರಿಸಬೇಕೆಂಬ ಪಕ್ಷದವನಂತೆ! ಈ ನಿಯತ್ತು ಇಪ್ಪತ್ತರ ವಯಸ್ಸಿಗೆ ಬರುವುದು ಸಣ್ಣ ಮಾತಲ್ಲ.

ಇಂಥ ಮಂಡಲಗಳಿಗೆ ಆಧಾರವಾದ ರಾಜ್ಯದ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಸೇರಿದರೆ ಸಂಘ ಕಟ್ಟಬಹುದು. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು, ಹಳ್ಳಿ ಹಳ್ಳಿಯ ಮಂಡಲಗಳಿಗೆ ಆಸರೆಯಾದವು. ಇಂಥ ನಿಯತ್ತು, ಧೈರ್ಯಗಳನ್ನು ತರಬೇತಿಯಿಂದ ಕಲಿಸುವ ಯತ್ನಗಳೂ ನಡೆದಿವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ 10 ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿಮ್ಹಾನ್ಸ್ ಹದಿಹರೆಯದವರಿಗಾಗಿ ಅದಕ್ಕೊಂದು ಪಠ್ಯಕ್ರಮ ರೂಪಿಸಿತು. ಯುವ ಸಬಲೀಕರಣ ಇಲಾಖೆಯೊಡನೆ ಸೇರಿ ‘ಯುವ ಸ್ಪಂದನ’ ಕಾರ್ಯಕ್ರಮವನ್ನೂ ನಡೆಸಿತು. ಒಳ್ಳೆಯ ಕೆಲಸಗಳೇ. ಆದರೂ ತರಬೇತಿಯ ಸಭಾಂಗಣದಲ್ಲಿ ಸಮಸ್ಯೆ ಕಲ್ಪಿತ, ಮಂಡಲದಲ್ಲಿ ಊರಿನ ದುಡ್ಡು.

ಮಂಡಲಕ್ಕೆ ಸೇರಿದ್ದರಿಂದಲೇ ಧೈರ್ಯ ಬಂತು ಎಂದು ಸಾರಾಸಗಟಾಗಿ ಹೇಳಲು ನಾನು ತಯಾರಿಲ್ಲ. ಚುರುಕಾದವರೇ ಮೊದಲು ಸೇರುತ್ತಾರೆ. ಜೆರ್ಸಿ ತೊಟ್ಟು ಕ್ರಿಕೆಟ್ ಆಡಿ ಹೋಗುವವರಿಗೆ ಗೆಳೆಯರು ಸಿಗುತ್ತಾರೆ, ಅದೂ ಬೇಕು. ಆದರೆ ರಶೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತಿದವನು, “ಕಳೆದ ವರ್ಷದ ದುಡ್ಡು ಏನು ಮಾಡಿದಿರಿ?” ಎಂಬ ಪ್ರಶ್ನೆಗೆ ಜಗಲಿಯಲ್ಲಿ ನಿಂತೇ ಉತ್ತರಿಸಿದವನು ಬೇರೆಯೇ ಆಗುತ್ತಾನೆ. ನಲವತ್ತು ದಾಟಿದವರು ಅಧ್ಯಕ್ಷರಾಗಿ ಕೂತುಬಿಟ್ಟರೆ ಕಿರಿಯರಿಗೆ ಈ ಅವಕಾಶವೇ ಸಿಗುವುದಿಲ್ಲ. ಅಂಥ ಮಂಡಲಗಳನ್ನೂ ಕಂಡಿದ್ದೇನೆ; ಫ್ಲೆಕ್ಸು ದೊಡ್ಡದು, ಕಿರಿಯರಿಗೆ ಕುರ್ಚಿ ಹೊರುವ ಕೆಲಸ.

ನನ್ನನ್ನು ಹೆಚ್ಚು ಕಾಡುವುದು ಯುವತಿ ಮಂಡಲಗಳ ಗತಿ. ಕಾರ್ಯದರ್ಶಿ ಪಳಗುವ ಹೊತ್ತಿಗೆ ಅವಳ ಮದುವೆ, ಮರುವರ್ಷ ಖಜಾಂಚಿಯದ್ದು. ದಾಖಲೆಯೆಲ್ಲ ಟ್ರಂಕಿಗೆ ಸೇರುತ್ತದೆ. ಆದರೆ ಬೇರೆ ಊರಿನ ಯುವತಿ ಮಂಡಲದಲ್ಲಿ ಪಳಗಿದವರೇ ಈ ಊರಿಗೆ ಸೊಸೆಯಾಗಿ ಬಂದಿರುತ್ತಾರಲ್ಲ! ಅವರನ್ನೂ ಸದಸ್ಯರನ್ನಾಗಿ ಮಾಡೋಣ ಎಂದು ಆ ಮಹಾಸಭೆಯಲ್ಲಿ ಹುಡುಗಿಯೊಬ್ಬಳು ಪ್ರಸ್ತಾಪಿಸಿದಳು. ಸ್ವಲ್ಪ ಚರ್ಚೆಯಾಯಿತು. ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.